ಮಾಮಾನ ಹೊಂಡ ಮತ್ತು ಉಸಿರು ಕಟ್ಟುವ ಸಮುದ್ರ

ಇಲ್ಲಿ ಬರೆದು ಬಹಳ ದಿನ ಆಗಿತ್ತು. ರಿಲೀಸು, ಬಗ್ಗು, ರಾತ್ರಿ ಹತ್ತರ ಕಾಲ್... ನೆಪಗಳಿಗೇನು ಬರ? ಆದರೆ ಈ ಸಲ ಬರೆಯದೇ ಇರಲಾಗಲಿಲ್ಲ. ಕಾರಣ ನಮ್ಮ ಮಾಮಾನ ಮೀನು.

ನನ್ನ ಊರು ಮುದ್ದೇಬಿಹಾಳ ತಾಲ್ಲೂಕಿನಲ್ಲಿ. ಅವ್ವನ ತವರು ಸಿಂದಗಿ ಕಡೆ. ಅತ್ತೆಯನ್ನು ಕೊಟ್ಟಿದ್ದು ಇಂಡಿಗೆ, ಅಕ್ಕನನ್ನು ಬಸವನ ಬಾಗೇವಾಡಿಗೆ. ಈ ನಾಲ್ಕು ತಾಲ್ಲೂಕು ದಾಟಿದರೆ ನಮಗೆ ಬಳಗವೇ ಇಲ್ಲ ಅನ್ನಬಹುದು. ಸಮುದ್ರ ಅಂದರೆ ನಮ್ಮ ಮನೆಯವರಿಗೆ ಗೋಕರ್ಣಕ್ಕೆ ಹೋದಾಗ ಒಂದು ಸಲ ಕಾಲು ತೊಳೆದುಕೊಂಡು ಬಂದ ಜಾಗ, ಅಷ್ಟೇ. ಹತ್ತಿರದ ಕಡಲು ಇನ್ನೂರೈವತ್ತು ಕಿಲೋಮೀಟರಿಗೂ ದೂರ. ಅಂಥ ಊರಿನವನು ಸಮುದ್ರದ ಚರಿತ್ರೆ ಬರೆಯಲು ಹೊರಟಿದ್ದೇನೆ, ನಗಬೇಡಿ :-)

ಕಳೆದ ಶ್ರಾವಣದಲ್ಲಿ ಒಂದು ದಿನ ಬೆಳಿಗ್ಗೆ ಆರೂವರೆಗೆ ಮಾಮಾನ ಫೋನು ಬಂತು.

"ಅಳಿಯಾ, ಹೊಂಡದಾಗಿನ ಮೀನೆಲ್ಲಾ ಸತ್ತು ತೇಲಾಕತ್ತಾವು. ರಾತ್ರಿ ಎಣ್ಣಿ ಹಾಕ್ಯಾರ. ಯಾರು ಹಾಕ್ಯಾರ ಅನ್ನೂದೂ ನನಗ ಗೊತ್ತೈತಿ."

(ದಕ್ಷಿಣದ ಗೆಳೆಯರಿಗೆ: ನಮ್ಮ ಕಡೆ 'ಎಣ್ಣಿ' ಅಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಒಗ್ಗರಣೆಗೆ ಹಾಕೋದು ಬೇರೆ.)

ಮಾಮಾ ಎರಡು ವರ್ಷದ ಹಿಂದೆ ಕೃಷಿ ಹೊಂಡ ತೋಡಿಸಿ, ಕಾಟ್ಲಾ, ರೋಹು ಮರಿ ಬಿಟ್ಟಿದ್ದರು. ಸಾಲ ಮಾಡಿದ್ದರು. ಇನ್ನೊಂದೆರಡು ತಿಂಗಳು ಕಳೆದಿದ್ದರೆ ಹಿಡಿದು ಮಾರುವ ಗಾತ್ರ. ಅವರಿಗೆ ಗೊತ್ತಿದ್ದ ಆ 'ಯಾರು' ಪಕ್ಕದ ಹೊಲದ ಕಾಕಾ. ಬದುವಿನ ಜಗಳ ನಾನು ಸಣ್ಣವನಿದ್ದಾಗಿನಿಂದ ನಡೆದಿದೆ. ಮಾಮಾ ಪೊಲೀಸ್ ಸ್ಟೇಷನ್ನಿಗೆ ಹೊರಟು ನಿಂತಿದ್ದರು. ಎರಡು ದಿನ ತಡೀರಿ, ನಾನು ಬರ್ತೀನಿ ಅಂತ ಕೈ ಮುಗಿದು ಕೇಳಿಕೊಂಡೆ.

ಶನಿವಾರ ಹೋದೆ. ಜೊತೆಗೆ ಸಿವಿಲ್ ಓದಿ ಈಗ ಪಾಠ ಮಾಡಿಕೊಂಡಿರುವ ನನ್ನ ಹಾಸ್ಟೆಲ್ ಗೆಳೆಯ. ಅವನು ಲ್ಯಾಬಿನ ಒಂದಿಷ್ಟು ಬಾಟಲಿ, ರಾಸಾಯನಿಕ ಕಟ್ಟಿಕೊಂಡು ಬಂದಿದ್ದ. ನಾನು ನನ್ನ ಕಸುಬಿನ ಚಟದ ಪ್ರಕಾರ ಮೊದಲು ಲಾಗ್ ಕೇಳಿದೆ. ಏನಾಯಿತು, ಯಾವಾಗ ಆಯಿತು, ಅದಕ್ಕೂ ಮುಂಚೆ ಏನಾಗಿತ್ತು?

ಮಾಮಾ ಹೇಳಿದ್ದು ಇಷ್ಟು. ಅದಕ್ಕೂ ಮುಂಚೆ ಮೂರು ದಿನ ಮೋಡ, ಗಾಳಿ ಇರಲಿಲ್ಲ. ನೀರು ಎರಡು ವಾರದಿಂದ ಗಟ್ಟಿ ಹಸಿರು. ("ಹಸರ ಆದ್ರ ಚಲೋ ಅಂತ ಹೇಳ್ಯಾರ, ಮೀನಿಗೆ ಅದೇ ಊಟ.") ಹಸಿರಾಗಲಿ ಅಂತ ಕೋಳಿ ಗೊಬ್ಬರ, ಒಂದಿಷ್ಟು ಯೂರಿಯಾ ಹಾಕಿದ್ದರು. ನಸುಕಿನಲ್ಲಿ ಆಳು ಮಗ ನೋಡಿದಾಗ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಸತ್ತವು ಹೆಚ್ಚಾಗಿ ದೊಡ್ಡವು. ಸಣ್ಣವು ಎಷ್ಟೋ ಉಳಿದಿದ್ದವು. ಕಪ್ಪೆಗಳಿಗೆ ಏನೂ ಆಗಿರಲಿಲ್ಲ.

ಗೆಳೆಯ ನನ್ನ ಮುಖ ನೋಡಿದ. ವಿಷ ಹಾಕಿದ್ದರೆ ಸಾಮಾನ್ಯವಾಗಿ ಮೊದಲು ಹೋಗುವುದು ಸಣ್ಣ ಮೀನು. ದೊಡ್ಡವು ಮೊದಲು ಸತ್ತರೆ, ಅದೂ ಸೂರ್ಯ ಹುಟ್ಟುವ ಮುಂಚೆ ಸತ್ತರೆ, ಕಾರಣ ಬೇರೆ. ಮೀನಿಗೆ ಉಸಿರು ಕಟ್ಟಿದೆ.

*

ಇದರ ಲೆಕ್ಕ ಸರಳ. ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೇ ಮೀನು ಕಿವಿರಿನಿಂದ ಎಳೆದುಕೊಳ್ಳುವುದು. ಅದು ಇರುವುದೇ ಕಡಿಮೆ. 25 ಡಿಗ್ರಿ ಬೆಚ್ಚಗಿನ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಹಿಡಿಯುತ್ತದೆ, ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಮೀನುಗಳಿಗೆ ಕಷ್ಟಕಾಲ. ಹಗಲು ಹಸಿರು ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಮೀನು, ಕೆಳಗಿನ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಅದನ್ನು ಖರ್ಚು ಮಾಡುತ್ತವೆ. ಮೋಡ ಮುಚ್ಚಿದರೆ ಹಗಲಿನ ಜಮೆ ಕಡಿಮೆ, ರಾತ್ರಿಯ ಖರ್ಚು ಮಾತ್ರ ಅಷ್ಟೇ. ನಸುಕಿಗೆ ಖಾತೆ ಖಾಲಿ!

ಗೆಳೆಯ ಆ ರಾತ್ರಿ ಹೊಂಡದ ಹತ್ತಿರವೇ ಮಲಗಿದ. ಬೆಳಗಿನ ಐದಕ್ಕೆ ಬಾಟಲಿಯಲ್ಲಿ ನೀರು ತುಂಬಿ, ಮ್ಯಾಂಗನೀಸ್ ಲವಣ, ಕ್ಷಾರ, ಅಯೋಡೈಡ್ ಹಾಕಿದ. ಆಮ್ಲಜನಕ ಇದ್ದಷ್ಟೂ ಗಸಿ ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಆಮ್ಲ ಹಾಕಿದರೆ ಅಯೋಡಿನ್ ಬಿಡುಗಡೆ. ಗಂಜಿ ಹಾಕಿದರೆ ನೀಲಿ. ಆ ನೀಲಿ ಹೋಗುವವರೆಗೆ ಥಯೋಸಲ್ಫೇಟ್ ಹನಿ ಎಣಿಸುವುದು. ಬೆಳಗಿನ ಐದಕ್ಕೆ ಎರಡು ಮಿಲಿಗ್ರಾಂಗೂ ಕಡಿಮೆ ಬಂತು. ಅದೇ ಹೊಂಡ, ಮಧ್ಯಾಹ್ನ ಮೂರಕ್ಕೆ ಹತ್ತಕ್ಕಿಂತ ಹೆಚ್ಚು!

"ಇದು ಹೊಸಾ ಮಿಷಿನ್ನೇನು?" ಅಂತ ಮಾಮಾ ಕೇಳಿದರು. ಅಲ್ಲ. ಇದನ್ನು ಹಂಗೇರಿಯ ಬುಡಾಪೆಸ್ಟಿನಲ್ಲಿ ಲಾಯೋಶ್ ವಿಂಕ್ಲರ್ ಅನ್ನುವ ಯುವಕ 1888ರಲ್ಲಿ ಕಂಡುಹಿಡಿದದ್ದು. ನಮ್ಮ ಕಸುಬಿನಲ್ಲಿ ಹತ್ತು ವರ್ಷದ ಹಳೆಯ ಕೋಡನ್ನು ಮುಟ್ಟಲು ಹೆದರುತ್ತೇವೆ. ಇದು ನೂರಾಮೂವತ್ತು ವರ್ಷ ದಾಟಿದ್ದು. ಎಲೆಕ್ಟ್ರಾನಿಕ್ ಸೆನ್ಸರ್‌ಗಳು ಸರಿಯಾಗಿವೆಯೇ ಅಂತ ನೋಡಲು ಸಾಗರ ವಿಜ್ಞಾನಿಗಳು ಇಂದಿಗೂ ವಿಂಕ್ಲರನ ಹನಿ ಎಣಿಸುತ್ತಾರೆ.

ಸಂಜೆ ಚಹಾ ಕುಡಿಯುತ್ತಾ ಮಾಮಾ ಕೇಳಿದ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು.

"ಹೊಂಡ ಸಣ್ಣದು, ಉಸಿರು ತೀರ್ತು ಅಂತೀ. ಸಮುದ್ರದಾಗ ಹಂಗ ಆಗೂದಿಲ್ಲಲ್ಲ?"

ಆಗತೈತಿ ಮಾಮಾ. ನಮ್ಮ ಕರ್ನಾಟಕದ ಎದುರಿಗಿರುವ ಸಮುದ್ರದಲ್ಲೇ ಪ್ರತಿ ವರ್ಷ ಆಗತೈತಿ. ಇದನ್ನು ಮನುಷ್ಯ ಹೇಗೆ ತಿಳಿದುಕೊಂಡ ಅನ್ನುವುದೇ ಒಂದು ಕತೆ. ಬೆಂಗಳೂರಿಗೆ ಬಂದ ಮೇಲೆ ಒಂದು ತಿಂಗಳು ರಾತ್ರಿಯೆಲ್ಲ ಓದಿದ್ದು ಅದನ್ನೇ.

*

1840ರ ದಶಕದಲ್ಲಿ ಎಡ್ವರ್ಡ್ ಫೋರ್ಬ್ಸ್ ಅನ್ನುವ ಬ್ರಿಟಿಷ್ ಪ್ರಕೃತಿ ವಿಜ್ಞಾನಿ, ಗ್ರೀಸಿನ ಪಕ್ಕದ ಏಜಿಯನ್ ಸಮುದ್ರದಲ್ಲಿ ಬಲೆ ಎಳೆದು ಒಂದು ಸಿದ್ಧಾಂತ ಹೇಳಿದ. ಆಳಕ್ಕೆ ಹೋದಂತೆ ಜೀವಿಗಳು ಕಡಿಮೆಯಾಗುತ್ತವೆ, ಸುಮಾರು 550 ಮೀಟರ್ ಕೆಳಗೆ ಜೀವವೇ ಇಲ್ಲ ಅಂತ. ಜನ ಒಪ್ಪಿಕೊಂಡರು. ಕತ್ತಲು, ಚಳಿ, ಮೇಲಿನ ನೀರಿನ ಭಾರ... ಅಲ್ಲಿ ಯಾವ ಜೀವ ಬದುಕೀತು?

ಅದನ್ನು ಸುಳ್ಳು ಮಾಡಿದ್ದು 1872ರಿಂದ 1876ರವರೆಗೆ ಜಗತ್ತು ಸುತ್ತಿದ ಚಾಲೆಂಜರ್ ಹಡಗು. ಸಾವಿರಾರು ಮೀಟರ್ ಆಳದಿಂದಲೂ ಜೀವಂತ ಪ್ರಾಣಿಗಳು ಬಲೆಗೆ ಬಂದವು. ಧ್ರುವಗಳ ಹತ್ತಿರ ತಣ್ಣಗಾದ ನೀರು ಆಮ್ಲಜನಕ ತುಂಬಿಕೊಂಡು ಕೆಳಗಿಳಿದು, ನೂರಾರು ವರ್ಷ ಸಮುದ್ರದ ತಳದಲ್ಲಿ ನಿಧಾನಕ್ಕೆ ಹರಿಯುತ್ತದೆ. ತಳಕ್ಕೆ ಉಸಿರು ಸಿಗುವುದು ಹಾಗೆ. ಅಲ್ಲಿಗೆ ನಿರ್ಜೀವ ಆಳದ ಸಿದ್ಧಾಂತ ಮುಗಿಯಿತು.

ಆ ಹಡಗಿನಲ್ಲಿದ್ದ ಒಬ್ಬ ತರುಣ ಜಾನ್ ಮರ್ರಿ. ಮುಂದೆ ಚಾಲೆಂಜರ್ ವರದಿಗಳ ಸಂಪುಟಗಳನ್ನು ಮುಗಿಸಿದವನೂ ಅವನೇ. 1880ರ ದಶಕದ ಕೊನೆಗೆ ಅವನ ಕೈಗೆ ಜಾವಾದ ದಕ್ಷಿಣಕ್ಕಿರುವ ಕ್ರಿಸ್‌ಮಸ್ ದ್ವೀಪದ ಒಂದು ಕಲ್ಲು ಸಿಕ್ಕಿತು. ಪರೀಕ್ಷಿಸಿದರೆ ಒಳ್ಳೆಯ ಫಾಸ್ಫೇಟ್! ಫಾಸ್ಫೇಟ್ ಅಂದರೆ ಗೊಬ್ಬರ, ಗೊಬ್ಬರ ಅಂದರೆ ದುಡ್ಡು. 1897ರಲ್ಲಿ ಕಂಪನಿ ಶುರುವಾಯಿತು, ಮರ್ರಿ ಶ್ರೀಮಂತನಾದ. 1914ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ. ಆ ಕಂಪನಿಯ ಷೇರಿನ ದುಡ್ಡು ಸಮುದ್ರ ಸಂಶೋಧನೆಗೆ ಹೋಗಲಿ ಅಂತ ಉಯಿಲಿನಲ್ಲಿ ಬರೆದಿಟ್ಟಿದ್ದ.

ಆ ಗೊಬ್ಬರದ ದುಡ್ಡಿನಲ್ಲಿ 1933ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಿಂದ 'ಮಬಾಹಿಸ್' ಅನ್ನುವ ಸಣ್ಣ ಸಂಶೋಧನಾ ಹಡಗು ಹೊರಟಿತು. ನಾಯಕ ಸೀಮೋರ್ ಸೀವೆಲ್, ಅಲ್ಲಿಯವರೆಗೆ ಭಾರತದ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕನಾಗಿದ್ದವನು. ಹಡಗಿನ ಸಿಬ್ಬಂದಿ ಹೆಚ್ಚಿನವರು ಈಜಿಪ್ಟಿನವರೇ. ಒಂಬತ್ತು ತಿಂಗಳ ಹತ್ತಿರ ಅರಬ್ಬೀ ಸಮುದ್ರವನ್ನು ಸುತ್ತಿದರು. ಥಾಂಪ್ಸನ್ ಮತ್ತು ಗಿಲ್ಸನ್ ಅನ್ನುವ ಇಬ್ಬರು ರಸಾಯನಶಾಸ್ತ್ರಜ್ಞರು ನೀರಿನ ಲೆಕ್ಕ ಹಿಡಿಯುತ್ತಿದ್ದರು. ನೂರಿನ್ನೂರು ಮೀಟರಿನಿಂದ ಸಾವಿರ ಮೀಟರಿನವರೆಗೆ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ! ಒಮಾನ್ ಕಡೆಯ ಇಳಿಜಾರಿನಲ್ಲಿ ಬಲೆ ಎಳೆದರೆ ಕೆಲವು ಕಡೆ ಒಂದೂ ಜೀವಿ ಬರಲಿಲ್ಲ. ಅದಕ್ಕಿಂತ ಆಳಕ್ಕೆ ಹೋದರೆ ಮತ್ತೆ ಜೀವ.

ಫೋರ್ಬ್ಸ್ ಹೇಳಿ ಎಲ್ಲರೂ ತಳ್ಳಿಹಾಕಿದ್ದ ನಿರ್ಜೀವ ಪಟ್ಟಿ ಹೀಗೆ ತೊಂಬತ್ತು ವರ್ಷದ ಮೇಲೆ ನಮ್ಮ ಸಮುದ್ರದಲ್ಲಿ ನಿಜವಾಗಿ ಸಿಕ್ಕಿತು. ಕಾರಣ ಮಾತ್ರ ಕತ್ತಲೂ ಅಲ್ಲ, ಭಾರವೂ ಅಲ್ಲ, ಉಸಿರಿನ ಬರ. ಅದನ್ನು ಹುಡುಕಲು ದುಡ್ಡು ಕೊಟ್ಟಿದ್ದು ಗೊಬ್ಬರ. ಇದನ್ನು ಓದಿದಾಗ ಮಾಮಾನ ಕೋಳಿ ಗೊಬ್ಬರದ ಚೀಲ ಕಣ್ಣಮುಂದೆ ಬಂತು.

*

ಬೇರೆ ಸಮುದ್ರಗಳಿಗಿಂತ ಅರಬ್ಬೀ ಸಮುದ್ರಕ್ಕೆ ಈ ಬರ ಏಕೆ ಜಾಸ್ತಿ? ಎರಡು ಕಾರಣ.

ಒಂದು, ಊಟ ಜಾಸ್ತಿ. ಮುಂಗಾರು ಗಾಳಿ ಮೇಲಿನ ನೀರನ್ನು ತಳ್ಳಿದಾಗ, ಆಳದ ಪೋಷಕಾಂಶ ತುಂಬಿದ ತಣ್ಣನೆ ನೀರು ಮೇಲೆ ಬರುತ್ತದೆ. ಬಿಸಿಲಿಗೆ ಪಾಚಿ ಹುಲುಸಾಗಿ ಬೆಳೆಯುತ್ತದೆ. ಸತ್ತು ಕೆಳಗೆ ಇಳಿಯುವ ಪಾಚಿಯನ್ನು ತಿನ್ನುವ ಬ್ಯಾಕ್ಟೀರಿಯಾ ಆಮ್ಲಜನಕ ಮುಗಿಸುತ್ತವೆ. ಎರಡು, ಕಿಟಕಿ ಇಲ್ಲ. ಉತ್ತರಕ್ಕೆ ಏಷ್ಯಾದ ನೆಲ ಅಡ್ಡ ನಿಂತಿದೆ. ಹೊಸ ಗಾಳಿಯುಂಡ ತಣ್ಣೀರು ದಕ್ಷಿಣದಿಂದ ನಿಧಾನಕ್ಕೆ ಬರಬೇಕು, ಬರುವಷ್ಟರಲ್ಲಿ ಹಾದಿಯಲ್ಲೇ ಅರ್ಧ ಖರ್ಚು. ಬಾಗಿಲು ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಜಾತ್ರೆಯ ಅಡುಗೆ ಮಾಡಿದ ಹಾಗೆ.

ಅಂದರೆ ಇದು ಮೂಲತಃ ಮನುಷ್ಯ ಮಾಡಿದ್ದಲ್ಲ. ಮುಂಗಾರಿನಷ್ಟೇ ಹಳೆಯದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾಮೆಂಟಿನಲ್ಲಿ ಬೈಯಬೇಡಿ. ಮನುಷ್ಯನ ಪಾಲು ಎಲ್ಲಿ ಶುರುವಾಗುತ್ತದೆ ಅನ್ನುವುದೇ ವಿಜ್ಞಾನಿಗಳು ಹಣೆ ಚಚ್ಚಿಕೊಳ್ಳುತ್ತಿರುವ ಪ್ರಶ್ನೆ.

ಆಳದ ವಿಷಯ ಹಡಗಿನವರಿಗೆ 1933ರಲ್ಲಿ ಗೊತ್ತಾಯಿತು. ದಡದ ಮೀನುಗಾರರ ಅನುಭವ ಅದಕ್ಕಿಂತ ಹಳೆಯದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮದ್ರಾಸ್ ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್, ಪಶ್ಚಿಮ ಕರಾವಳಿಯಲ್ಲಿ ಮೀನು ರಾಶಿ ರಾಶಿ ಸಾಯುವುದರ ಬಗ್ಗೆ, ನೀರಿನ ಬಣ್ಣ ಬದಲಾಗುವುದರ ಬಗ್ಗೆ 1917ರಲ್ಲೇ ಬರೆದ. ಸ್ವಾತಂತ್ರ್ಯ ಬಂದ ಹೊಸದರಲ್ಲಿ, 1950ರಲ್ಲಿ, ಬಿ.ಎಸ್. ಭೀಮಾಚಾರ್ ಮತ್ತು ಪಿ.ಸಿ. ಜಾರ್ಜ್ ಮಲಬಾರ್ ಮತ್ತು ಕೆನರಾ ಕರಾವಳಿಯಲ್ಲಿ ಮೀನುಗಾರಿಕೆ ಇದ್ದಕ್ಕಿದ್ದಂತೆ ಬಿದ್ದುಹೋಗುವುದಕ್ಕೆ 'ಕೆಂಪು ನೀರು' ಕಾರಣವಿರಬಹುದು ಅಂತ ಪ್ರಬಂಧ ಪ್ರಕಟಿಸಿದರು. ನೊಕ್ಟಿಲ್ಯೂಕಾ ಅನ್ನುವ ಏಕಕೋಶ ಜೀವಿ ವಿಪರೀತ ಹೆಚ್ಚಿ ನೀರು ಕೆಂಪಾಗುತ್ತದೆ, ಮೀನು ದೂರ ಓಡುತ್ತವೆ. ಆ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

1959ರಲ್ಲಿ ಎರಡು ತುಂಡು ಒಟ್ಟಿಗೆ ಸೇರಿದವು. ಕಾರುದರ್ಸ್ ಮತ್ತು ಸಂಗಡಿಗರು, ಮುಂಬಯಿ ಎದುರು ಆ ಆಳದ ಉಸಿರಿಲ್ಲದ ಪದರ ಇಳಿಜಾರು ಹತ್ತಿ ದಡದ ಕಡೆ ಬರುತ್ತದೆ, ಅದು ಮೀನುಗಾರಿಕೆಯ ಮೇಲೆ ಪರಿಣಾಮ ಮಾಡುತ್ತದೆ ಅಂತ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದೇ ವರ್ಷ ಕಾರ್ಲ್ ಬಾನ್ಸೆ ನೈಋತ್ಯ ಕರಾವಳಿಯ ಬಗ್ಗೆ ಅಂಥದ್ದೇ ಮಾತು ಹೇಳಿದರು. ಮುಂಗಾರಿನಲ್ಲಿ ಆ ನೀರು ತಳಕ್ಕೆ ಹರಡಿದಾಗ ತಳದ ಮೀನುಗಳು ಜಾಗ ಖಾಲಿ ಮಾಡುತ್ತವೆ, ಟ್ರಾಲ್ ಬಲೆ ಖಾಲಿ ಬರುತ್ತದೆ.

ಆಮೇಲೆ ಬಂದದ್ದು 1960ರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಸಮೀಕ್ಷೆ. ಹದಿನಾಲ್ಕು ದೇಶಗಳು, ನಲವತ್ತಕ್ಕೂ ಹೆಚ್ಚು ಹಡಗು. ಅದರ ಫಲವಾಗಿ 1966ರ ಜನವರಿ 1ರಂದು ನಮ್ಮ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ಇವತ್ತು ಅದು ಗೋವಾದ ದೋನಾ ಪೌಲಾದಲ್ಲಿದೆ. 1997ರಿಂದ ಗೋವಾದ ಕಾಂದೋಳಿ ಎದುರು ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ನೀರು ತೆಗೆಯುತ್ತಾ ಬಂದಿದ್ದಾರೆ. ಕಾರವಾರದಿಂದ ನೂರು ಕಿಲೋಮೀಟರ್ ಆಚೀಚೆ ಇರುವ ಜಾಗ ಅದು.

2000ನೇ ಇಸವಿಯಲ್ಲಿ ಆ ಸಂಸ್ಥೆಯ ಎಸ್.ಡಬ್ಲ್ಯು.ಎ. ನಖ್ವಿ ಮತ್ತು ಸಂಗಡಿಗರು 'ನೇಚರ್'ನಲ್ಲಿ ಪ್ರಕಟಿಸಿದ ಲೇಖನ ದೊಡ್ಡ ಸುದ್ದಿಯಾಯಿತು. ಮುಂಗಾರಿನ ಕೊನೆಯಲ್ಲಿ ಭಾರತದ ಪಶ್ಚಿಮ ಕರಾವಳಿಯ ಉದ್ದಕ್ಕೂ ತಳದ ನೀರಿನ ಉಸಿರು ನಿಲ್ಲುತ್ತದೆ. ದಡದ ಹತ್ತಿರ ಹೀಗಾಗುವ ನೈಸರ್ಗಿಕ ಪ್ರದೇಶಗಳಲ್ಲಿ ಜಗತ್ತಿನಲ್ಲೇ ಅತಿ ದೊಡ್ಡದು ಇದು. ಸುಮಾರು 1,80,000 ಚದರ ಕಿಲೋಮೀಟರ್, ಅಂದರೆ ನಮ್ಮ ಇಡೀ ಕರ್ನಾಟಕಕ್ಕಿಂತ ಸ್ವಲ್ಪ ಚಿಕ್ಕದು!

ಅಲ್ಲಿ ನಡೆಯುವುದು ನಮ್ಮ ಪ್ರೋಗ್ರಾಂಗಳಲ್ಲಿ ಒಂದು ಸರ್ವರ್ ಕೈಕೊಟ್ಟರೆ ಇನ್ನೊಂದಕ್ಕೆ ಹೋಗುವ ಹಾಗೆ. ಬ್ಯಾಕ್ಟೀರಿಯಾ ಮೊದಲು ಆಮ್ಲಜನಕ ಬಳಸುತ್ತವೆ. ಅದು ಮುಗಿದರೆ ನೈಟ್ರೇಟ್ ಉಸಿರಾಡುತ್ತವೆ. ಆಗ ನೈಟ್ರಸ್ ಆಕ್ಸೈಡ್ ಅನ್ನುವ ಅನಿಲ ಹುಟ್ಟುತ್ತದೆ, ಭೂಮಿ ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಜೋರು. ನೈಟ್ರೇಟೂ ಮುಗಿದರೆ ಸಲ್ಫೇಟ್. ಆಗ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ, ಹೈಡ್ರೋಜನ್ ಸಲ್ಫೈಡ್. ನವೆಂಬರ್, ಡಿಸೆಂಬರ್ ಹೊತ್ತಿಗೆ ಪ್ರವಾಹ ದಿಕ್ಕು ಬದಲಿಸಿ ಸಮುದ್ರ ಮತ್ತೆ ಉಸಿರಾಡುತ್ತದೆ.

ನೈಸರ್ಗಿಕವಾಗಿ ಆಗುತ್ತಿದ್ದದ್ದು ಈಗ ತೀವ್ರವಾಗುತ್ತಿದೆ, ನೆಲದಿಂದ ಬರುವ ಗೊಬ್ಬರದ ಸಾರ ಅದಕ್ಕೆ ಕಾರಣವಿರಬಹುದು ಅನ್ನುವುದು ಆ ಲೇಖನದ ವಾದ. ಮುಂಗಾರಿನ ಏರುಪೇರೇ ದೊಡ್ಡ ಕಾರಣ ಅನ್ನುವವರೂ ಇದ್ದಾರೆ. ಆ ಚರ್ಚೆ ಇನ್ನೂ ಮುಗಿದಿಲ್ಲ.

*

ಹೀಗಾದಾಗ ಸಮುದ್ರದ ಜೀವಿಗಳು ಏನು ಮಾಡುತ್ತವೆ? ಮಾಮಾನ ಹೊಂಡದ ಹಾಗೆ ಎಲ್ಲ ಸತ್ತು ತೇಲುವುದು ಅಪರೂಪ. ಮೀನಿಗೆ ಈಜಲು ಜಾಗ ಇದೆ, ಓಡುತ್ತದೆ. ಓಡಲಾಗದ ಚಿಪ್ಪಿನ ಜೀವಿ, ಹುಳು, ಏಡಿ ಉಳಿದು ಸಾಯುತ್ತವೆ. ಅವನ್ನೇ ತಿಂದು ಬದುಕುವ ಮೀನಿಗೆ ವಾಪಸ್ಸು ಬಂದಾಗ ಊಟವಿಲ್ಲ. ಹೊರಗಡಲಿನ ದೊಡ್ಡ ಟ್ಯೂನಾ ಜಾತಿಯ ಮೀನುಗಳು ಮೇಲಿನ ತೆಳು ಪದರಕ್ಕೆ ಒತ್ತಿಕೊಂಡು ಬದುಕಬೇಕಾಗುತ್ತದೆ. ಹಿಡಿಯುವುದು ಸುಲಭವಾಗುತ್ತದೆ. ಬಲೆ ತುಂಬಿತು ಅಂತ ಖುಷಿಪಟ್ಟರೆ, ಅದು ಮನೆಗೆ ಬೆಂಕಿ ಬಿದ್ದಾಗ ಬಾಗಿಲಲ್ಲಿ ಕಾಣುವ ಜನಸಂದಣಿ! ನೀರು ಬಿಸಿಯಾದರೆ ಇನ್ನೊಂದು ಪೆಟ್ಟು. ಬಿಸಿನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಅದೇ ಹೊತ್ತಿಗೆ ಮೀನಿನ ಮೈಗೆ ಹೆಚ್ಚು ಬೇಕಾಗುತ್ತದೆ. ಸಂಬಳ ಕಡಿಮೆ, ಬಾಡಿಗೆ ಜಾಸ್ತಿ. ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರಿಂದ ಲಾಭ ಮಾಡಿಕೊಳ್ಳುವವರೂ ಇದ್ದಾರೆ. ನೊಕ್ಟಿಲ್ಯೂಕಾ ನೆನಪಿದೆಯಲ್ಲ? ಅದರ ಹಸಿರು ಜಾತಿ ಚಳಿಗಾಲದಲ್ಲಿ ಅರಬ್ಬೀ ಸಮುದ್ರದ ತುಂಬ ಹರಡುವುದಕ್ಕೂ ಉಸಿರಿಲ್ಲದ ನೀರು ಮೇಲೆ ಬರುವುದಕ್ಕೂ ನಂಟಿದೆ ಅಂತ ಹೆಲ್ಗಾ ಗೋಮ್ಸ್, ಜೋಕಿಮ್ ಗೋಯೆಸ್ ಮತ್ತಿತರರು 2014ರಲ್ಲಿ ಬರೆದರು. ಇದಕ್ಕೂ ಒಪ್ಪದವರಿದ್ದಾರೆ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಅಲೆಗಳು ರಾತ್ರಿ ನೀಲಿಯಾಗಿ ಹೊಳೆದಾಗ ನಾವೆಲ್ಲ ಫೋಟೋ ಹಂಚಿಕೊಂಡೆವಲ್ಲ, ಆ ಮಿಣುಕು ಬೆಳಕಿನ ಜೀವಿಯೂ ಇದೇ ನೊಕ್ಟಿಲ್ಯೂಕಾ ಅಂತ ಆಗ ವಿಜ್ಞಾನಿಗಳು ಹೇಳಿದ್ದರು. ನಾನೂ 'ಅದ್ಭುತ' ಅಂತ ಬರೆದು ಹಂಚಿದ್ದೆ.

ಜಗತ್ತಿನ ಲೆಕ್ಕ ಹೀಗಿದೆ. 2017ರಲ್ಲಿ ಪ್ರಕಟವಾದ ಜರ್ಮನ್ ವಿಜ್ಞಾನಿಗಳ ಅಧ್ಯಯನದ ಪ್ರಕಾರ 1960ರಿಂದ ಐವತ್ತು ವರ್ಷಗಳಲ್ಲಿ ಸಾಗರಗಳು ಎರಡು ಪ್ರತಿಶತಕ್ಕೂ ಹೆಚ್ಚು ಆಮ್ಲಜನಕ ಕಳೆದುಕೊಂಡಿವೆ. ಸರಾಸರಿಗೆ ಎರಡು ಸಣ್ಣದು ಅನ್ನಿಸುತ್ತದೆ. ಆದರೆ ಮೊದಲೇ ಅಂಚಿನಲ್ಲಿರುವ ಕಡೆ ಎರಡೂ ದೊಡ್ಡದೇ. 2018ರಲ್ಲಿ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ಮತ್ತು ಒಮಾನಿನ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದವರು ಒಮಾನ್ ಕೊಲ್ಲಿಗೆ ನೀರೊಳಗಿನ ರೋಬೋಟ್‌ಗಳನ್ನು ಇಳಿಸಿದರು. ಸ್ಕಾಟ್ಲೆಂಡಿಗಿಂತ ದೊಡ್ಡ ಪ್ರದೇಶದಲ್ಲಿ ಉಸಿರೇ ಇಲ್ಲದ ನೀರು ಸಿಕ್ಕಿತು.

*

"ನಾವು ಮುದ್ದೇಬಿಹಾಳದಾಗ ಕುಂತು ಅದಕ್ಕೇನ್ ಮಾಡೂಣು?" ಅಂತ ಅಪ್ಪ ಕೇಳಿದರು, ಇದನ್ನೆಲ್ಲ ಹೇಳಿದಾಗ.

ಸರಿಯಾದ ಪ್ರಶ್ನೆ. ಅದಕ್ಕೆ ನಾನು ಅಮೆರಿಕದ ಮಿಸಿಸಿಪಿ ಕತೆ ಹೇಳಿದೆ. ನದಿ ಸೇರುವ ಮೆಕ್ಸಿಕೋ ಕೊಲ್ಲಿಯಲ್ಲಿ ಪ್ರತಿ ಬೇಸಿಗೆ ತಳದ ನೀರಿನ ಉಸಿರು ನಿಲ್ಲುತ್ತದೆ. ನ್ಯಾನ್ಸಿ ರಬಲಾಯ್ಸ್ ಮತ್ತು ಸಂಗಡಿಗರು 1985ರಿಂದ ಅದರ ನಕ್ಷೆ ಮಾಡುತ್ತಾ ಬಂದರು. 2017ರಲ್ಲಿ ಅದು 22,700 ಚದರ ಕಿಲೋಮೀಟರ್ ಮುಟ್ಟಿತು. ಕಾರಣ ಹುಡುಕುತ್ತಾ ನದಿ ಹಿಡಿದು ಮೇಲೆ ಹೋದರೆ ಸಿಗುವುದು ಸಮುದ್ರವನ್ನೇ ನೋಡದ ಅಯೋವಾ, ಇಲಿನಾಯ್ ರಾಜ್ಯಗಳ ಮೆಕ್ಕೆಜೋಳದ ಹೊಲ. ಬೆಳೆ ಕುಡಿಯದೇ ಉಳಿದ ಗೊಬ್ಬರ ಮಳೆಯಲ್ಲಿ ತೊಳೆದು ಹೋಗುತ್ತದೆ, ಅಷ್ಟೇ. ಅಲ್ಲಿ ಯಾರೂ ಎಣ್ಣಿ ಹಾಕಿಲ್ಲ.

ನಮ್ಮ ನೀರು ಎಲ್ಲಿಗೆ ಹೋಗುತ್ತದೆ? ಅರಬ್ಬೀ ಸಮುದ್ರಕ್ಕಲ್ಲ. ಇಂಡಿ, ಸಿಂದಗಿಯ ಉತ್ತರಕ್ಕೆ ಭೀಮೆ. ಪುಣೆಯ ಕೊಳಚೆಯನ್ನೂ ಉಜನಿ ಜಲಾಶಯದ ಹಸಿರನ್ನೂ ದಾಟಿ ಬರುತ್ತಾಳೆ. ಬಸವನ ಬಾಗೇವಾಡಿ, ಮುದ್ದೇಬಿಹಾಳದ ದಕ್ಷಿಣಕ್ಕೆ ಕೃಷ್ಣೆ. ನಡುವೆ ಡೋಣಿ. ಎಲ್ಲ ಸೇರಿ ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ. ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರಲ್ಲಿ, ನಾರಾಯಣಪುರ ಜಲಾಶಯ ಮುಗಿದದ್ದು 1982ರಲ್ಲಿ. ಕಾಲುವೆ ಬರುವ ಮುಂಚೆ ನಮ್ಮ ಎರೆ ಹೊಲಕ್ಕೆ ಬಿಳಿಜೋಳ, ತಿಪ್ಪೆ ಗೊಬ್ಬರ, ದೇವರು ಕೊಟ್ಟ ಮಳೆ, ಇಷ್ಟೇ ಇತ್ತು. ನೀರು ಬಂದ ಮೇಲೆ ಕಬ್ಬು ಬಂತು, ಜೊತೆಗೆ ಚೀಲಗಟ್ಟಲೆ 'ಸರಕಾರಿ ಗೊಬ್ಬರ'. ಆ ನೀರು, ಆ ಗೊಬ್ಬರ ಬಂದಿದ್ದಕ್ಕೇ ಅಪ್ಪ ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದು. ಹಾಗಾಗಿ ಅದನ್ನು ಬೈದು ಬರೆಯುವ ಹಕ್ಕು ನನಗಿಲ್ಲ.

ಕೃಷ್ಣೆಯ ನೀರಿನಲ್ಲಿ ಹೆಚ್ಚಿನದು ಹಾದಿಯಲ್ಲೇ ಖರ್ಚಾಗುತ್ತದೆ, ಬರದ ವರ್ಷದಲ್ಲಿ ಕಡಲಿಗೆ ಮುಟ್ಟುವುದು ಬಹಳ ಕಡಿಮೆ. ಗಂಗಾ, ಬ್ರಹ್ಮಪುತ್ರದ ಮುಂದೆ ನಮ್ಮ ಪಾಲು ಸಣ್ಣದು. ಆದರೆ ಬಂಗಾಳ ಕೊಲ್ಲಿ ಈಗ ಸೂಜಿ ಮೊನೆಯ ಮೇಲೆ ನಿಂತಿದೆ. 2017ರಲ್ಲಿ ಪ್ರಕಟವಾದ, ನಖ್ವಿಯವರೂ ಇದ್ದ ಒಂದು ತಂಡದ ಅಧ್ಯಯನ ಹೇಳುವುದೇನೆಂದರೆ, ಅಲ್ಲಿಯ ನಡು ಪದರದಲ್ಲೂ ಆಮ್ಲಜನಕ ಮುಗಿಯುವ ಹಂತಕ್ಕೆ ಬಂದಿದೆ, ಆದರೆ ಪೂರ್ತಿ ಮುಗಿದಿಲ್ಲ. ಮಾಮೂಲಿ ಉಪಕರಣಕ್ಕೆ ಕಾಣದಷ್ಟು ಚೂರು ಉಳಿದಿದೆ. ಆ ಚೂರೇ ಬ್ಯಾಕ್ಟೀರಿಯಾಗಳ ನೈಟ್ರೇಟ್ ಆಟವನ್ನು ತಡೆದಿದೆ. ಅದೂ ಹೋದರೆ ಬಂಗಾಳ ಕೊಲ್ಲಿ ಇನ್ನೊಂದು ಅರಬ್ಬೀ ಸಮುದ್ರ.

ವಾಪಸ್ಸು ಬರುವ ದಾರಿಯೂ ಚರಿತ್ರೆಯಲ್ಲಿದೆ. ಕಪ್ಪು ಸಮುದ್ರದ ವಾಯವ್ಯ ಭಾಗದಲ್ಲಿ 1970, 80ರ ದಶಕದಲ್ಲಿ ಡಾನ್ಯೂಬ್ ನದಿ ತಂದ ಗೊಬ್ಬರದಿಂದ ಸಾವಿರಾರು ಚದರ ಕಿಲೋಮೀಟರ್ ತಳ ಸತ್ತಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು, ಆ ಸುತ್ತಿನ ದೇಶಗಳ ರೈತರಿಗೆ ಸಬ್ಸಿಡಿ ಗೊಬ್ಬರ ನಿಂತಿತು. ಕೆಲವೇ ವರ್ಷಗಳಲ್ಲಿ ತಳ ಚೇತರಿಸಿಕೊಳ್ಳತೊಡಗಿತು. ಸಮುದ್ರ ಉಳಿಸಲು ಯಾರೂ ಹಾಗೆ ಮಾಡಿದ್ದಲ್ಲ, ರೈತರು ಬಡವರಾಗಿದ್ದಕ್ಕೆ ಆದದ್ದು. ಹಾಗೆ ಬಡವರಾಗದೇ ಅದನ್ನು ಮಾಡುವುದು ಹೇಗೆ ಅನ್ನುವುದು ನಮ್ಮ ಕೆಲಸ. ಬೇವು ಲೇಪಿಸಿದ ಯೂರಿಯಾ 2015ರಿಂದ ದೇಶದಲ್ಲಿ ಕಡ್ಡಾಯವಾಗಿದೆ, ಸಾರ ನಿಧಾನಕ್ಕೆ ಬಿಡಲಿ ಅಂತ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ, ಎರಡು ಮೂರು ಕಂತಿನಲ್ಲಿ ಕೊಟ್ಟರೆ ಚೀಲದ ದುಡ್ಡೂ ಉಳಿಯುತ್ತದೆ. ಅಪ್ಪನಿಗೆ ಹಿಡಿಸಿದ್ದು ಈ ಕೊನೆಯ ಮಾತು ಮಾತ್ರ :-)

*

ಮಾಮಾನ ವಿಷಯ ಹೇಳಿ ಮುಗಿಸುತ್ತೇನೆ. ಎರಡು ಬಾಟಲಿ ಪಕ್ಕಪಕ್ಕ ಇಟ್ಟು, ನಸುಕಿನದು, ಮಧ್ಯಾಹ್ನದ್ದು ಅಂತ ತೋರಿಸಿದೆವು. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದದ್ದು ಇಷ್ಟು:

"ಹಂಗಾದ್ರ ಅವ ಹಾಕಿಲ್ಲ. ನಾನೇ ಹಾಕೀನಿ."

ಇಲ್ಲ ಮಾಮಾ, ನೀವು ಊಟ ಹಾಕೀರಿ, ವಿಷ ಅಲ್ಲ ಅಂದೆ. ಅದರಿಂದ ಅವರಿಗೇನೂ ಸಮಾಧಾನ ಆದಂತೆ ಕಾಣಲಿಲ್ಲ. ಸಾಲ ಸಾಲವೇ. ಸ್ಟೇಷನ್ನಿಗೆ ಮಾತ್ರ ಹೋಗಲಿಲ್ಲ. ಈಗ ಕೋಳಿ ಗೊಬ್ಬರ ನಿಲ್ಲಿಸಿದ್ದಾರೆ. ಮೋಡ ಮುಚ್ಚಿದ ರಾತ್ರಿ ಎರಡಕ್ಕೆ ಎದ್ದು, ಹೊಂಡದ ನೀರನ್ನೇ ಪಂಪಿನಿಂದ ಎತ್ತಿ ಮೇಲಿನಿಂದ ಸುರಿಸುತ್ತಾರೆ, ಗಾಳಿ ಬೆರೆಯಲಿ ಅಂತ. ಆ ಪಂಪಿಗೆ ಡೀಸೆಲ್ ತೀರಿದ ಒಂದು ರಾತ್ರಿ ಕ್ಯಾನು ತಂದುಕೊಟ್ಟವರು ಪಕ್ಕದ ಹೊಲದ ಕಾಕಾ ಅಂತೆ. ಬದುವಿನ ಜಗಳ ಮಾತ್ರ ಹಾಗೇ ಇದೆ.

ಕಾರವಾರ, ಮಲ್ಪೆ, ಮಂಗಳೂರು ಕಡೆಯ ಗೆಳೆಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಮುಂಗಾರು ಮುಗಿದ ಹೊಸತರಲ್ಲಿ ಬಲೆ ಖಾಲಿ ಬಂದದ್ದು, ಕೆಂಪು ನೀರು, ಬಂಗುಡೆ, ಬೂತಾಯಿ ಇದ್ದಕ್ಕಿದ್ದಂತೆ ದಡಕ್ಕೆ ಬಂದದ್ದು, ಇವುಗಳ ಬಗ್ಗೆ ನಿಮ್ಮ ಮನೆಯ ಹಿರಿಯರು ಏನು ಹೇಳುತ್ತಾರೆ? ಅವರನ್ನು ಕೇಳಿ, ಬರೆಯಿರಿ. ವಿಂಕ್ಲರನ ಬಾಟಲಿ ಬರುವುದಕ್ಕೂ ಮುಂಚಿನ ಲಾಗ್ ಇರುವುದು ಅವರ ಹತ್ತಿರ ಮಾತ್ರ.